ಮುಯ್ಯಾಳಿಗೆ ಬಂದ ನೆರೆಯವನಿಗೆ ಪೆಟ್ಟಾದರೆ ಹೊಣೆ ಯಾರದು?



ಸುಗ್ಗಿ ಮುಗಿದು ಮುಂಗಾರು ಹಿಡಿಯುವುದಕ್ಕೆ ಮುಂಚೆ ಸಿಗುವ ಬಿಡುವಿನ ತಿಂಗಳುಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಎಲ್ಲಿ ನೋಡಿದರೂ ಮನೆ ಕೆಲಸ. ಒಬ್ಬರು ಹಳೆಯ ಹಂಚು ಇಳಿಸಿ ಹೊಸ ತೀರು ಏರಿಸುತ್ತಾರೆ, ಇನ್ನೊಬ್ಬರು ಸರ್ಕಾರದ ವಸತಿ ಯೋಜನೆಯಲ್ಲಿ ಸಿಕ್ಕ ಮನೆಗೆ ಮೋಲ್ಡ್ ಹಾಕಿಸುತ್ತಾರೆ, ಮತ್ತೊಬ್ಬರು ಕೊಟ್ಟಿಗೆಯ ಗೋಡೆ ಎತ್ತರಿಸುತ್ತಾರೆ. ಈ ಕೆಲಸಗಳಿಗೆಲ್ಲ ಕೂಲಿ ಆಳುಗಳೇ ಬರುತ್ತಾರೆಂದೇನಿಲ್ಲ. ಪಕ್ಕದ ಮನೆಯವರು, ಅಣ್ಣತಮ್ಮಂದಿರು, ಭಾನುವಾರ ನಮ್ಮೊಡನೆ ಒಂದೇ ಬೆಂಚಿನಲ್ಲಿ ಕೂತು ಬಲಿಪೂಜೆಯಲ್ಲಿ ಪಾಲ್ಗೊಳ್ಳುವವರು ಬಂದು ಕೈ ಹಚ್ಚುತ್ತಾರೆ. ಮಧ್ಯಾಹ್ನ ಮುದ್ದೆ, ಕಾಳುಸಾರು. ಸಂಜೆ ಒಂದು ಲೋಟ ಟೀ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಹಿರಿಯರು ಇದಕ್ಕೆ ಮುಯ್ಯಾಳು ಎಂದು ಹೆಸರಿಟ್ಟರು. ಇಂದು ನಾನು ನಿನ್ನ ಅರಿಶಿನ ಕೀಳಲು ಬಂದರೆ ನಾಳೆ ನೀನು ನನ್ನ ಮನೆಯ ಮಾಡು ಹೊದಿಸಲು ಬರುತ್ತೀಯೆ. ದುಡ್ಡು ಕೈ ಬದಲಾಗುವುದಿಲ್ಲ, ಋಣ ಮಾತ್ರ ಕೈಯಿಂದ ಕೈಗೆ ಹೋಗುತ್ತದೆ. ಇದು ಬಡವನ ಬ್ಯಾಂಕು ಎಂದರೂ ತಪ್ಪಿಲ್ಲ. ಆದರೆ ಈ ಬ್ಯಾಂಕಿನ ಪುಸ್ತಕದಲ್ಲಿ ಒಂದು ಪುಟ ಖಾಲಿಯಾಗಿಯೇ ಉಳಿದಿದೆ. ಹಾಗೆ ಬಂದವನು ಏಣಿಯಿಂದ ಬಿದ್ದರೆ ಏನು? ಆಸ್ಪತ್ರೆಯ ಖರ್ಚು ಯಾರದು? ಅವನು ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಅವನ ಮನೆಯ ಒಲೆ ಹೇಗೆ ಉರಿಯಬೇಕು? ಇಂದು ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಕಲಿಯೋಣ.

ಒಂದು ಮನೆಯ ಚಿತ್ರ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಹಳೆಯ ಕೊಟ್ಟಿಗೆಯ ಹಂಚು ಇಳಿಸಬೇಕು. ಮನೆಯೊಡೆಯ ಪಕ್ಕದ ಮನೆಯವನನ್ನು ಕರೆಯುತ್ತಾನೆ. ಅವನು ಸಂತೋಷದಿಂದ ಬಂದು ಮೇಲೆ ಹತ್ತುತ್ತಾನೆ. ಒಂದು ತೀರನ್ನು ಒಳಗಿಂದ ಗೆದ್ದಲು ತಿಂದಿದೆ. ಕಾಲಿಟ್ಟ ಕೂಡಲೇ ಅದು ಮುರಿದು ಅವನು ಕೆಳಗೆ ಬೀಳುತ್ತಾನೆ, ಕಾಲಿನ ಮೂಳೆ ಮುರಿಯುತ್ತದೆ.

ಮೊದಲ ದಿನ ಮನೆಯೊಡೆಯನೇ ಆಸ್ಪತ್ರೆಗೆ ಓಡುತ್ತಾನೆ, ಕೈಯಲ್ಲಿದ್ದುದನ್ನೆಲ್ಲ ಕಟ್ಟುತ್ತಾನೆ. ಎರಡನೆಯ ವಾರ ಬಂದು ನೋಡಿಕೊಂಡು ಹೋಗುತ್ತಾನೆ. ತಿಂಗಳು ಕಳೆಯುವ ಹೊತ್ತಿಗೆ ಬರುವುದು ಅಪರೂಪವಾಗುತ್ತದೆ. "ನಾನೇನು ಬೇಕೆಂದು ತಳ್ಳಿದೆನೇ?" ಎಂದು ಇವನು ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. "ಕರೆದಾಗ ಹೋದದ್ದೇ ತಪ್ಪಾಯಿತು" ಎಂದು ಅವನು ಹಾಸಿಗೆಯಲ್ಲಿ ಮಲಗಿ ಅಂದುಕೊಳ್ಳುತ್ತಾನೆ. ಇಬ್ಬರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆರು ತಿಂಗಳಾದ ಮೇಲೆ ದೇವಾಲಯದಲ್ಲಿ ಆ ಎರಡು ಕುಟುಂಬಗಳು ಬೇರೆ ಬೇರೆ ಬದಿಗೆ ಕೂರುತ್ತವೆ. ಶಾಂತಿ ಸೂಚಿಸುವ ಹೊತ್ತಿನಲ್ಲಿ ಒಬ್ಬರತ್ತ ಒಬ್ಬರು ತಿರುಗುವುದಿಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಒಂದು ಸ್ನೇಹ ಸತ್ತಿತು. ಮುರಿದ ಕಾಲು ಮೂರು ತಿಂಗಳಲ್ಲಿ ಕೂಡಿತು, ಮಾತು ಮಾತ್ರ ಕೂಡಲಿಲ್ಲ. ಏಕೆಂದರೆ ಮೊದಲೇ ಆಡಬೇಕಾದ ಮಾತನ್ನು ಯಾರೂ ಆಡಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ, ಅದೇ ಮುಖ್ಯವಾದದ್ದು. ಆ ತೀರನ್ನು ಗೆದ್ದಲು ತಿಂದಿದೆಯೆಂದು ಮನೆಯೊಡೆಯನಿಗೆ ಗೊತ್ತಿತ್ತೇ? ಗೊತ್ತಿದ್ದೂ ಹೇಳಲಿಲ್ಲವೇ? ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ಪವಿತ್ರ ಗ್ರಂಥವೂ ಈ ನೆಲದ ಕಾನೂನೂ ಕೇಳುವುದು ಇದನ್ನೇ.

ಪವಿತ್ರ ಗ್ರಂಥ ಇದನ್ನು ಮರೆತಿಲ್ಲ

ಹೊಣೆ, ಪರಿಹಾರ ಎಂಬ ಮಾತು ಬಂದ ಕೂಡಲೇ ಅದು ವಕೀಲರ ವಿಷಯ, ನಂಬಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮಲ್ಲಿ ಹಲವರು ಎಣಿಸುತ್ತೇವೆ. ವಿಮೋಚನಕಾಂಡವನ್ನು ತೆರೆದು ನೋಡಿ. ಹತ್ತು ಕಟ್ಟಳೆಗಳನ್ನು ಕೊಟ್ಟ 20ನೆಯ ಅಧ್ಯಾಯ ಮುಗಿದ ಕೂಡಲೇ, 21 ಮತ್ತು 22ನೆಯ ಅಧ್ಯಾಯಗಳಲ್ಲಿ ಬರುವುದು ಹಳ್ಳಿಯ ದಿನನಿತ್ಯದ ನಷ್ಟಗಳ ಲೆಕ್ಕವೇ.

ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟಾಗ ಮತ್ತೊಬ್ಬನ ದನ ಅದರಲ್ಲಿ ಬಿದ್ದು ಸತ್ತರೆ, ಗುಂಡಿ ತೋಡಿದವನೇ ನಷ್ಟ ತುಂಬಬೇಕು (ವಿಮೋಚನಕಾಂಡ 21:33-34). ಬೀಳಿಸಬೇಕೆಂದು ಅವನು ಗುಂಡಿ ತೋಡಿದ್ದಲ್ಲ. ಆದರೂ ಮುಚ್ಚುವುದು ಅವನ ಕೆಲಸವಾಗಿತ್ತು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನ ಇನ್ನೂ ನೇರವಾಗಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಯ ಮೇಲಿರುತ್ತದೆ. ಮಾಳಿಗೆ ಯಾರದೋ, ಬೀಳದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಪ್ಯಾರಾಪೆಟ್ ಇಲ್ಲದ ನಮ್ಮ ಊರಿನ ಎಷ್ಟೋ ತಾರಸಿಗಳಿಗೆ ಈ ವಚನ ಹೇಳಿ ಮಾಡಿಸಿದಂತಿದೆ.

ಗಾಯಗೊಂಡ ಮನುಷ್ಯನ ಬಗ್ಗೆ ಹೇಳುವ ಜಾಗ ಇನ್ನೊಂದಿದೆ (ವಿಮೋಚನಕಾಂಡ 21:18-19). ಅಲ್ಲಿಯ ಸಂದರ್ಭ ಜಗಳದ್ದು, ಆದರೆ ಪರಿಹಾರದ ಕ್ರಮವನ್ನು ಗಮನಿಸಿ. ಏಟು ತಿಂದವನು ಹಾಸಿಗೆ ಹಿಡಿದು ಆಮೇಲೆ ಊರುಗೋಲು ಹಿಡಿದು ನಡೆಯುವಂತಾದರೆ, ಹೊಡೆದವನು ಎರಡನ್ನು ಕೊಡಬೇಕು: ಕಳೆದುಹೋದ ದಿನಗಳ ನಷ್ಟ ಒಂದು, ಪೂರ್ತಿ ಗುಣವಾಗುವವರೆಗಿನ ಚಿಕಿತ್ಸೆ ಇನ್ನೊಂದು. ನಾವು ಸಾಮಾನ್ಯವಾಗಿ ಚಿಕಿತ್ಸೆಯನ್ನು ನೆನೆಯುತ್ತೇವೆ, ದಿನಗಳನ್ನು ಮರೆಯುತ್ತೇವೆ. ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಆದರೆ ಕೂಲಿ ಮಾಡಿ ಉಣ್ಣುವವನಿಗೆ ಬಿಲ್ಲಿಗಿಂತ ದೊಡ್ಡ ಪೆಟ್ಟು ಕೊಡುವುದು ಕೆಲಸವಿಲ್ಲದ ದಿನಗಳೇ.

ಒಳ್ಳೆಯ ಸಮಾರಿಯದವನ ಕಥೆಯನ್ನೂ ಹೊಸ ಕಣ್ಣಿನಿಂದ ಓದಿ (ಲೂಕ 10). ಅವನು ಗಾಯ ಕಟ್ಟಿ ಸುಮ್ಮನಾಗಲಿಲ್ಲ. ಛತ್ರದವನಿಗೆ ಎರಡು ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ತೀರಿಸುವುದಾಗಿ ಮಾತು ಕೊಟ್ಟ. ಹೊಡೆದವನು ಅವನಲ್ಲ, ಕಾನೂನಿನಂತೆ ಅವನ ಹೊಣೆ ಏನೂ ಇರಲಿಲ್ಲ. ಹೊಣೆ ಇಲ್ಲದವನೇ ಅಷ್ಟು ಮಾಡಿದನೆಂದರೆ, ನಮ್ಮ ಮಾಡಿನ ಮೇಲಿಂದಲೇ ಬಿದ್ದವನ ವಿಷಯದಲ್ಲಿ ನಾವೇನು ಮಾಡಬೇಕು?

1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನು ಸ್ಪಷ್ಟಪಡಿಸುತ್ತದೆ. ತಕ್ಕ ಕಾರಣವಿಲ್ಲದೆ ಒಬ್ಬರನ್ನು ಪ್ರಾಣಾಪಾಯಕ್ಕೆ ಒಡ್ಡುವುದನ್ನು ನೈತಿಕ ನಿಯಮ ನಿಷೇಧಿಸುತ್ತದೆ (2269). ನ್ಯಾಯಕ್ಕೆ ವಿರುದ್ಧವಾದ ತಪ್ಪಿಗೆ ಕ್ಷಮೆ ದೊರೆತರೂ ನಷ್ಟ ತುಂಬಿಕೊಡುವ ಕರ್ತವ್ಯ ಉಳಿಯುತ್ತದೆ (2487). ಅಂದರೆ, ನೆರೆಯವನು ಹೋಗಲಿ ಬಿಡು ಎಂದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ.

ಈ ನೆಲದ ಕಾನೂನು ಏನು ಹೇಳುತ್ತದೆ?

ಕಾನೂನಿನ ಕಣ್ಣಿಗೆ ನಮ್ಮ ಮನೆಯ ಕೆಲಸಕ್ಕೆ ಬರುವವರಲ್ಲಿ ಮೂರು ಬಗೆ ಇದೆ. ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯವರು, ಗುತ್ತಿಗೆದಾರ ಅಥವಾ ಮೇಸ್ತ್ರಿ ಕರೆತಂದ ಆಳುಗಳು. ಇವರಿಗೆ ಕೂಲಿ ಕೊಡುವ ಗುತ್ತಿಗೆದಾರನೇ ಉದ್ಯೋಗದಾತ. ಕೆಲಸದಲ್ಲಿ ಪೆಟ್ಟಾದ ಕೆಲಸಗಾರನಿಗೆ ಪರಿಹಾರ ಕೊಡಿಸುವ ಕಾನೂನು ನಮ್ಮ ದೇಶದಲ್ಲಿ 1923ರಲ್ಲೇ ಬಂದಿತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಈ ಪರಿಹಾರಕ್ಕೆ ಉದ್ಯೋಗದಾತನ ತಪ್ಪನ್ನು ರುಜುವಾತು ಮಾಡಬೇಕಿಲ್ಲ. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಪೆಟ್ಟಾಯಿತು ಎಂದರೆ ಸಾಕು. ಸಾವಾದರೆ ತಿಂಗಳ ವೇತನದ ಶೇಕಡ 50ನ್ನು, ಶಾಶ್ವತ ಪೂರ್ಣ ಅಂಗವಿಕಲತೆಯಾದರೆ ಶೇಕಡ 60ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ ಪರಿಹಾರ ಕಟ್ಟುವುದು ಕ್ರಮ. ಈ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಕೆಲಸಗಾರನಿಂದ ಮೊದಲೇ ಬರೆಸಿಕೊಂಡರೂ ಆ ಕಾಗದಕ್ಕೆ ಬೆಲೆಯಿಲ್ಲ. ಆದ್ದರಿಂದ ಗುತ್ತಿಗೆ ಕೊಡುವಾಗ "ನಿಮ್ಮ ಆಳುಗಳಿಗೆ ವಿಮೆ ಇದೆಯೇ?" ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ.

ಎರಡನೆಯವರು, ನಾವೇ ದಿನಗೂಲಿ ಕೊಟ್ಟು ಕರೆದವರು. ಪಕ್ಕದ ಮನೆಯವನೇ ಆಗಿರಲಿ, ಸಂಜೆ ಅವನ ಕೈಗೆ ಕೂಲಿ ಇಟ್ಟರೆ ಸಂಬಂಧದ ಸ್ವರೂಪ ಬದಲಾಗುತ್ತದೆ. ಆಗ ಉದ್ಯೋಗದಾತನ ಸ್ಥಾನದಲ್ಲಿ ನಿಂತಿರುವವರು ನಾವೇ ಎಂಬ ಪ್ರಶ್ನೆ ನಮ್ಮ ಬಾಗಿಲಿಗೂ ಬರಬಹುದು. ಇಂಥ ಸಂದರ್ಭದಲ್ಲಿ ಪೆಟ್ಟಾದರೆ ತಿಳಿದ ವಕೀಲರ ಸಲಹೆ ಪಡೆಯುವುದು ಒಳ್ಳೆಯದು.

ಮೂರನೆಯವರು, ಕೂಲಿಯಿಲ್ಲದೆ ಬಂದವರು. ನಮ್ಮ ಮುಯ್ಯಾಳು ಈ ಗುಂಪಿಗೆ ಸೇರುತ್ತಾನೆ. ವೇತನವೂ ಇಲ್ಲ, ನೌಕರಿಯ ಒಪ್ಪಂದವೂ ಇಲ್ಲ. ಆದುದರಿಂದ ಮೇಲೆ ಹೇಳಿದ ಪರಿಹಾರದ ಕಾನೂನು ಸಾಮಾನ್ಯವಾಗಿ ಅವನ ಕೈ ಹಿಡಿಯುವುದಿಲ್ಲ. ಎಲ್ಲರಿಗಿಂತ ಹೆಚ್ಚು ಪ್ರೀತಿಯಿಂದ ಬಂದವನಿಗೇ ಎಲ್ಲರಿಗಿಂತ ಕಡಿಮೆ ರಕ್ಷಣೆ! 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲು ಗಣಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತಾಗ ಜಿಲ್ಲೆಯೇ ತಲ್ಲಣಿಸಿತು. ಗಣಿಗೆ ಪರವಾನಗಿ ಇರುತ್ತದೆ, ಗಣಿಯವರು ಇರುತ್ತಾರೆ, ಕೇಳುವ ಇಲಾಖೆ ಇರುತ್ತದೆ. ಕೊಟ್ಟಿಗೆಯ ಮಾಡಿನಿಂದ ಬಿದ್ದ ನೆರೆಯವನಿಗಾಗಿ ಯಾವ ಇಲಾಖೆಯೂ ಬರುವುದಿಲ್ಲ. ಅವನಿಗಿರುವುದು ನಮ್ಮ ಮನಸ್ಸಾಕ್ಷಿ ಮಾತ್ರ.

ಹಾಗೆಂದು ಕಾನೂನು ಪೂರ್ತಿ ಮೌನವಾಗಿದೆ ಎಂದಲ್ಲ. ಯಾರ ಅಜಾಗರೂಕತೆಯಿಂದ ಇನ್ನೊಬ್ಬರಿಗೆ ಪೆಟ್ಟಾಗುತ್ತದೋ ಅವರು ನಷ್ಟ ತುಂಬಬೇಕೆಂಬ ಸಾಮಾನ್ಯ ನಿಯಮವನ್ನು ನಮ್ಮ ಸಿವಿಲ್ ನ್ಯಾಯಾಲಯಗಳು ಅನುಸರಿಸುತ್ತವೆ. ಇಲ್ಲಿ ತಪ್ಪು ರುಜುವಾತಾಗಬೇಕು. ಗೆದ್ದಲು ತಿಂದ ತೀರಿನ ಪ್ರಶ್ನೆ ಇಲ್ಲಿಯೇ ಬರುತ್ತದೆ. ಮನೆಯೊಡೆಯನಿಗೆ ಅಪಾಯ ಗೊತ್ತಿದ್ದು ಹೇಳದಿದ್ದರೆ ಅಥವಾ ಸ್ವಲ್ಪ ಗಮನಿಸಿದ್ದರೆ ಗೊತ್ತಾಗುವಂತಿದ್ದರೆ ಅದು ಅಜಾಗರೂಕತೆ. ಎಷ್ಟು ನೋಡಿದರೂ ಕಾಣದಂಥ ದೋಷವಾಗಿದ್ದರೆ ಅದು ಅಪಘಾತ. ತಾನಾಗಿಯೇ ಬಂದವನಲ್ಲವೇ, ಅಪಾಯ ಅವನದೇ ಎಂದು ವಾದಿಸುವವರಿದ್ದಾರೆ. ಆದರೆ ತಿಳಿದು ಒಪ್ಪಿದ ಅಪಾಯ ಮಾತ್ರ ಅವನದು. ತಿಳಿಸದೆ ಮುಚ್ಚಿಟ್ಟ ಅಪಾಯಕ್ಕೆ ಅವನು ಒಪ್ಪಿದ್ದು ಎಲ್ಲಿ? ಬಿದ್ದವನ ಪಾಲಿನ ತಪ್ಪೂ ಇದ್ದರೆ, ಬೇಡವೆಂದರೂ ಒದ್ದೆ ಹಂಚಿನ ಮೇಲೆ ಓಡಾಡಿದ್ದರೆ, ಪರಿಹಾರ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ.

ತೀರ ಅಜಾಗರೂಕತೆಯಿಂದ ಪ್ರಾಣ ಹೋದರೆ ವಿಷಯ ಪೊಲೀಸ್ ಠಾಣೆಗೂ ಹೋಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಇದಕ್ಕೆ 5 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಕಟ್ಟಡ ಕಟ್ಟುವಾಗ, ಕೆಡವುವಾಗ, ದುರಸ್ತಿ ಮಾಡುವಾಗ ಎಚ್ಚರ ವಹಿಸದಿರುವುದೇ 290ನೆಯ ಕಲಮಿನಂತೆ ಅಪರಾಧ.

ಇನ್ನೊಂದು ಅಂಶ ಹಲವರಿಗೆ ತಿಳಿದಿರಲಾರದು. ಪ್ರತಿಫಲವಿಲ್ಲದ ಮಾತಿಗೆ ಕಾನೂನಿನಲ್ಲಿ ಬಲವಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ 1872ರ ಕರಾರು ಕಾಯಿದೆಯ 25ನೆಯ ಕಲಮು ಒಂದು ವಿನಾಯಿತಿ ಕೊಟ್ಟಿದೆ. ನಮಗಾಗಿ ಸ್ವಯಂಪ್ರೇರಣೆಯಿಂದ ಈಗಾಗಲೇ ಏನನ್ನಾದರೂ ಮಾಡಿದವರಿಗೆ ಪರಿಹಾರ ಕೊಡುವೆನೆಂದು ನಾವು ಕೊಟ್ಟ ಮಾತು ಕರಾರೇ ಆಗುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಕೊಟ್ಟ ಮಾತು ಗಾಳಿಯ ಮಾತಲ್ಲ ಎಂದು ನಮ್ಮ ಕಾನೂನು ಒಂದೂವರೆ ಶತಮಾನದ ಹಿಂದೆಯೇ ಬರೆದಿಟ್ಟಿದೆ.

ಕೆಲಸಕ್ಕೆ ಮುಂಚಿನ ದಿನ

ಪರಿಹಾರಕ್ಕಿಂತ ಎಚ್ಚರ ಅಗ್ಗ. ಯಾರನ್ನಾದರೂ ಸಹಾಯಕ್ಕೆ ಕರೆಯುವ ಹಿಂದಿನ ಸಂಜೆ ಮನೆಯೊಡೆಯನೂ ಒಡತಿಯೂ ಒಟ್ಟಿಗೆ ಕೆಲಸದ ಜಾಗವನ್ನು ಸುತ್ತಿ ನೋಡಲಿ.

ತೀರು, ಜಂತೆಗಳನ್ನು ಕಬ್ಬಿಣದ ಸರಳಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಗುರುತು ಹಾಕಿ, ಬೆಳಿಗ್ಗೆ ಎಲ್ಲರಿಗೂ ತೋರಿಸಿ. ಏಣಿ ನೆಲದಲ್ಲಿ ಜಾರದಂತಿರಲಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ದೂರವಿರಲಿ, ತುದಿ ಮಾಳಿಗೆಯ ಅಂಚಿಗಿಂತ ಮೂರು ಅಡಿ ಮೇಲಕ್ಕಿರಲಿ, ಒಬ್ಬರು ಕೆಳಗೆ ಹಿಡಿದುಕೊಳ್ಳಲಿ. ಮನೆಯ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಮೊದಲು ಚೆಸ್ಕಾಂ ಕಚೇರಿಗೆ ಅಥವಾ 1912ಕ್ಕೆ ತಿಳಿಸಿ. ಉದ್ದನೆಯ ಕಬ್ಬಿಣದ ಸರಳನ್ನು ಎತ್ತಿಕೊಡುವಾಗ ತಂತಿಗೆ ತಗುಲುವುದು ಒಂದು ಕ್ಷಣದ ಮಾತು.

ಮೋಲ್ಡ್ ಹಾಕಿದ ಮೇಲೆ ಹಲಗೆ, ಊರೆ ತೆಗೆಯಲು ಅವಸರ ಬೇಡ. ಬಾಡಿಗೆ ಉಳಿಸಲೆಂದು ಬೇಗ ತೆಗೆದು ಜೀವ ತೆತ್ತವರಿದ್ದಾರೆ. ಭಾರತೀಯ ಮಾನಕದಂತೆ, ಸಾಮಾನ್ಯ ಸಿಮೆಂಟಿನ ಕೆಲಸದಲ್ಲಿ ನಾಲ್ಕೂವರೆ ಮೀಟರಿನವರೆಗಿನ ಅಗಲದ ತಾರಸಿಗೆ ಊರೆಗಳು ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ಇರಬೇಕು. ತೊಲೆಗಳಿಗೆ 6 ಮೀಟರಿನವರೆಗೆ 14 ದಿನ, ಅದಕ್ಕೂ ಉದ್ದವಾದರೆ 21 ದಿನ. ಪಾಯ ಅಥವಾ ಗುಂಡಿ ಆಳೆತ್ತರಕ್ಕೆ ಇಳಿಯುತ್ತಿದ್ದರೆ ಬದಿಗೆ ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ. ಮಳೆ ಬಿದ್ದ ಮಾರನೆಯ ದಿನ ಕಪ್ಪು ಮಣ್ಣಿನ ಬದಿ ಹೇಳದೆ ಕೇಳದೆ ಕುಸಿಯುತ್ತದೆ.

ಕೆಲವು ಕೆಲಸಗಳಿಗೆ ನೆರೆಯವರನ್ನು ಕರೆಯಲೇಬಾರದು. ಶೌಚದ ಗುಂಡಿಗೆ ಯಾರನ್ನೂ ಇಳಿಸಬಾರದು. ಒಳಗಿನ ವಿಷಾನಿಲ ಮೊದಲು ಇಳಿದವನನ್ನೂ ಅವನನ್ನು ಎತ್ತಲು ಇಳಿದವನನ್ನೂ ಕೊಲ್ಲುತ್ತದೆ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಬಹುಕಾಲ ಮುಚ್ಚಿದ್ದ ಬಾವಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿದ್ಯುತ್ ಜೋಡಣೆಯನ್ನು ಪರವಾನಗಿ ಇದ್ದವರೇ ಮಾಡಲಿ. 18 ತುಂಬದ ಮಕ್ಕಳನ್ನು ಸಾರುವೆ ಹತ್ತಿಸಬೇಡಿ. ಕುಡಿದು ಬಂದವನು ಎಷ್ಟು ಆಪ್ತನಾದರೂ ಅವತ್ತಿನ ಮಟ್ಟಿಗೆ ಕೂರಿಸಿ ಊಟ ಹಾಕಿ ಕಳಿಸಿ. ಸಂಜೆ ಕೊಡುತ್ತೇನೆಂದು ಆಸೆ ತೋರಿಸಿ ಕೆಲಸ ಮಾಡಿಸಿಕೊಳ್ಳುವ ಪದ್ಧತಿಯನ್ನೂ ಬಿಡಿ.

ಬೆಳಿಗ್ಗೆ ಕೆಲಸ ಶುರುವಾಗುವಾಗ ಎಲ್ಲರನ್ನೂ ಸೇರಿಸಿ ಒಂದು ಚಿಕ್ಕ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ರೂಢಿ. ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ತೆಗೆದುಕೊಂಡು ಎರಡು ಮಾತು ಹೇಳಿ: "ಈ ಜಾಗದಲ್ಲಿ ಅಪಾಯವಿದೆ, ನೋಡಿಕೊಳ್ಳಿ. ಯಾರಿಗಾದರೂ ಪೆಟ್ಟಾದರೆ ನಾವು ಕೈಬಿಡುವುದಿಲ್ಲ." ಇದು ಅಪಶಕುನದ ಮಾತಲ್ಲ. ಬೆಳಿಗ್ಗೆ ಬಾಯಿಬಿಟ್ಟು ಹೇಳಿದ್ದರೆ ಸಂಜೆಗೆ ಸಂಶಯ ಉಳಿಯುವುದಿಲ್ಲ.

ಇಪ್ಪತ್ತು ರೂಪಾಯಿಯ ವಿವೇಕ

ಬಡ ಕುಟುಂಬಗಳೆರಡರ ನಡುವೆ ದೊಡ್ಡ ಖರ್ಚು ಬಂದಾಗ ಒಳ್ಳೆಯ ಮನಸ್ಸೊಂದೇ ಸಾಲದು. ಕೊಡಬೇಕೆಂದರೂ ಕೈಯಲ್ಲಿ ಇರುವುದಿಲ್ಲ. ಅದಕ್ಕೆ ಮೊದಲೇ ಸ್ವಲ್ಪ ಏರ್ಪಾಡು ಬೇಕು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಆರಂಭವಾಯಿತು. ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆ ಇರುವ 18ರಿಂದ 70 ವರ್ಷದವರು ಸೇರಬಹುದು. ವರ್ಷಕ್ಕೆ ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಅಥವಾ ಎರಡು ಕಣ್ಣು, ಎರಡು ಕೈ ಅಥವಾ ಕಾಲು ಪೂರ್ತಿ ಹೋದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಅಥವಾ ಕಾಲು ಹೋದರೆ 1 ಲಕ್ಷ. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಆದ್ದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿದೆಯೇ ಎಂದು ನೋಡಿಕೊಳ್ಳಿ. ಮುರಿದು ಕೂಡುವ ಮೂಳೆಗೂ ಆಸ್ಪತ್ರೆ ಖರ್ಚಿಗೂ ಇದು ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಆಸ್ಪತ್ರೆಯ ಖರ್ಚಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಕಾರ್ಡು ಮಾಡಿಸಿಕೊಳ್ಳದವರು ಈಗಲೇ ಮಾಡಿಸಿಕೊಳ್ಳಿ. ಪೆಟ್ಟಾದ ರಾತ್ರಿ ಪಡಿತರ ಚೀಟಿ ಹುಡುಕುತ್ತ ಕೂರುವ ಪಾಡು ಯಾರಿಗೂ ಬೇಡ. ವರ್ಷದಲ್ಲಿ 90 ದಿನವಾದರೂ ಕಟ್ಟಡದ ಕೆಲಸ ಮಾಡುವ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಅಪಘಾತಕ್ಕೆ ನೆರವು ಸಿಗುತ್ತದೆ.

ಮುಯ್ಯಾಳಿನಲ್ಲಿ ಸೇರುವ ನಾಲ್ಕೈದು ಕುಟುಂಬಗಳು ಮೊದಲೇ ಮಾತಾಡಿಕೊಂಡು, ಎಲ್ಲರೂ ಈ 20 ರೂಪಾಯಿಯ ವಿಮೆ ಮಾಡಿಸಿದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಕಷ್ಟವೇನಲ್ಲ. ಸಹಾಯಕ್ಕೆ ಬರುವವನ 20 ರೂಪಾಯಿಯನ್ನು ಮನೆಯೊಡೆಯನೇ ಕಟ್ಟಿದರೂ ತಪ್ಪಿಲ್ಲ. ಆ ದಿನದ ಟೀ ತಿಂಡಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಪೆಟ್ಟಾದ ದಿನ

ಬಿದ್ದವನನ್ನು ಅವಸರದಿಂದ ಎತ್ತಿ ಕೂರಿಸಬೇಡಿ. ಬೆನ್ನು, ಕುತ್ತಿಗೆಗೆ ಪೆಟ್ಟಾಗಿದ್ದರೆ ಎತ್ತುವುದರಿಂದಲೇ ಕೈಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. 108ಕ್ಕೆ ಕರೆ ಮಾಡಿ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಎಲ್ಲಕ್ಕೂ ಅರವತ್ತು ಕಿಲೋಮೀಟರ್ ದೂರದ ಮೈಸೂರಿಗೇ ಓಡಬೇಕಾಗಿದ್ದ ಕಾಲ ಹೋಯಿತು.

ಆಸ್ಪತ್ರೆಯಲ್ಲಿ ನಿಜ ಹೇಳಿ. ಪೊಲೀಸರು ಬಂದಾರೆಂದು ಹೆದರಿ ಬೈಕಿನಿಂದ ಬಿದ್ದನೆಂದೋ ಅವನ ಮನೆಯಲ್ಲೇ ಜಾರಿದನೆಂದೋ ಬರೆಸುವವರಿದ್ದಾರೆ. ಈ ಸುಳ್ಳು ಮುಂದೆ ವಿಮೆಯ ಹಣಕ್ಕೆ ಅಡ್ಡ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಯಗೊಂಡವನಿಗೆ ನಮ್ಮ ಮೇಲಿದ್ದ ನಂಬಿಕೆ ಆ ಗಳಿಗೆಯಲ್ಲೇ ಹೋಗುತ್ತದೆ. ನೋವಿನಲ್ಲಿ ಮಲಗಿದವನ ಬಾಯಿಂದ ನಮ್ಮನ್ನು ಉಳಿಸಲು ಸುಳ್ಳು ಹೇಳಿಸುವುದು ಅವನಿಗೆ ಕೊಟ್ಟ ಎರಡನೆಯ ಪೆಟ್ಟು.

ಲೆಕ್ಕವನ್ನು ಮಾತಾಡಿ ಬರೆಯಿರಿ

ಮೊದಲ ವಾರದೊಳಗೆ ಎರಡು ಮನೆಯವರೂ ಕೂತು ಮಾತಾಡಬೇಕು. ಹೆಂಗಸರೂ ಇರಲಿ, ಮನೆಯ ನಿಜವಾದ ಲೆಕ್ಕ ಅವರಿಗೇ ಗೊತ್ತಿರುವುದು. ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ.

ಒಂದು, ಚಿಕಿತ್ಸೆ. ಯೋಜನೆಯಲ್ಲಿ ಎಷ್ಟು ಸಿಕ್ಕಿತು, ಹೊರಗೆ ಎಷ್ಟು ಖರ್ಚಾಯಿತು, ಮುಂದೆ ಎಷ್ಟಾಗಬಹುದು? ಎರಡು, ಕಳೆದ ದಿನಗಳು. ದಿನಕ್ಕೆ 600 ರೂಪಾಯಿ ದುಡಿಯುವವನು ತಿಂಗಳಿಗೆ 26 ದಿನದಂತೆ ಮೂರು ತಿಂಗಳು ಮಲಗಿದನೆಂದುಕೊಳ್ಳಿ. 46,800 ರೂಪಾಯಿ ಆಯಿತು. ಕಾಗದದ ಮೇಲೆ ಈ ಅಂಕಿ ಬರೆದಾಗ ಮಾತ್ರ ನೆರೆಯವನ ನಷ್ಟ ಎಷ್ಟು ದೊಡ್ಡದೆಂದು ಕಾಣುತ್ತದೆ. ಮೂರು, ಉಳಿದುಬಿಡುವ ಊನ. ಕಾಲು ಗಿಡ್ಡವಾದರೆ, ಬೆರಳು ಮಡಚದಿದ್ದರೆ ಮುಂದಿನ ದುಡಿಮೆಯೇ ಕುಗ್ಗುತ್ತದೆ.

ಎಲ್ಲವನ್ನೂ ಹಣದಲ್ಲೇ ಕೊಡಬೇಕೆಂದೇನಿಲ್ಲ. ಮುಯ್ಯಾಳಿನ ಋಣವನ್ನು ಮುಯ್ಯಾಳಿನಿಂದಲೇ ತೀರಿಸಬಹುದು. ಅವನ ಹೊಲ ಉತ್ತು ಕೊಡಿ, ಅವನ ದನಕ್ಕೆ ಮೇವು ಹಾಕಿ, ತಿಂಗಳ ಅಕ್ಕಿ ರಾಗಿ ಮುಟ್ಟಿಸಿ, ಮಕ್ಕಳ ಶಾಲೆಯ ಶುಲ್ಕ ಕಟ್ಟಿ. ಆದರೆ ಏನು, ಎಷ್ಟು, ಎಂದಿನವರೆಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಸ್ನೇಹದಲ್ಲಿ ಕಾಗದವೇಕೆ ಎನ್ನಬೇಡಿ. ಮನುಷ್ಯನ ನೆನಪು ತನಗೆ ಅನುಕೂಲವಾಗುವ ಕಡೆಗೇ ವಾಲುತ್ತದೆ, ಕಾಗದ ಹಾಗೆ ವಾಲುವುದಿಲ್ಲ.

ಇಲ್ಲಿ ಗಾಯಗೊಂಡವರಿಗೂ ಒಂದು ಮಾತು. ನಿಮ್ಮ ನೋವು ನಿಜ. ಆದರೆ ಅದನ್ನು ಇದ್ದುದಕ್ಕಿಂತ ದೊಡ್ಡದು ಮಾಡಬೇಡಿ. ನೀವೂ ಎಚ್ಚರ ತಪ್ಪಿದ್ದರೆ ಒಪ್ಪಿಕೊಳ್ಳಿ. ಅವನು ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದಾನೆಂಬುದನ್ನು ಮರೆಯಬೇಡಿ. ನ್ಯಾಯ ಕೇಳುವುದು ಪಾಪವಲ್ಲ, ಕೇಳಲು ನಾಚಬೇಕಾಗಿಯೂ ಇಲ್ಲ. ಬಾಯಿಬಿಟ್ಟು ಕೇಳದೆ ಒಳಗೊಳಗೇ ದ್ವೇಷ ಬೆಳೆಸುವುದೇ ಕೆಡುಕು.

ಇಬ್ಬರಿಗೂ ಒಮ್ಮತ ಬಾರದಿದ್ದರೆ ಊರಿನ ಇಬ್ಬರು ಹಿರಿಯರನ್ನು ಅಥವಾ ಧರ್ಮಕೇಂದ್ರದ ಗುರುಗಳನ್ನು ನಡುವೆ ಕೂರಿಸಿಕೊಳ್ಳಿ. ಅದೂ ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯಂತೆ ರಚನೆಯಾದ ಈ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ದೊರೆಯುತ್ತದೆ. ಮೊಕದ್ದಮೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ.

ಮತ್ತೆ ಆ ಎರಡು ಮನೆಗಳಿಗೆ

ಮೊದಲು ಹೇಳಿದ ಆ ಕೊಟ್ಟಿಗೆಗೆ ಹಿಂದಿರುಗೋಣ. ಬಿದ್ದ ಮೂರನೆಯ ದಿನ ಮನೆಯೊಡೆಯ ಆಸ್ಪತ್ರೆಯ ಮಂಚದ ಬಳಿ ಕೂತು, "ಆ ತೀರು ಹಳೆಯದಾಗಿತ್ತು, ನನಗೆ ಅನುಮಾನವಿತ್ತು, ನಿನಗೆ ಹೇಳಬೇಕಿತ್ತು. ತಪ್ಪು ನನ್ನದು. ನೀನು ಏಳುವವರೆಗೆ ನಿನ್ನ ಮನೆ ನನ್ನ ಹೊಣೆ" ಎಂದಿದ್ದರೆ ಏನಾಗುತ್ತಿತ್ತು? ಖರ್ಚು ಆಗುತ್ತಿತ್ತು. ಸಾಲವೂ ಆಗುತ್ತಿತ್ತೇನೋ. ಆದರೆ ಆ ಎರಡು ಕುಟುಂಬಗಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದವು.

ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಂಡು ಬರುವಂತೆ ಯೇಸುಸ್ವಾಮಿ ಹೇಳಿದರು (ಮತ್ತಾಯ 5:23-24). ನಿಮ್ಮ ಸಹೋದರನಿಗೆ ನಿಮ್ಮ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಎಂದು ಅವರು ಹೇಳಿದ್ದನ್ನು ಗಮನಿಸಿ. ಮೊದಲ ಹೆಜ್ಜೆ ಇಡಬೇಕಾದವರು ಕೊಡಬೇಕಾದವರು.

ಈ ವಾರ ಮನೆಯಲ್ಲಿ, ಕಿರುಸಮುದಾಯದ ಕೂಟದಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿರಿ:

1. ನಮ್ಮ ಮನೆಯಲ್ಲಿ ಈಗ ಯಾರಾದರೂ ಬೀಳಬಹುದಾದ ಜಾಗ ಯಾವುದು? ಅದನ್ನು ಸರಿಪಡಿಸಲು ಏನು ಅಡ್ಡಿ?

2. ನಮ್ಮ ಮನೆಯ ಎಲ್ಲ ದುಡಿಯುವವರಿಗೂ ಅಪಘಾತ ವಿಮೆ, ಚಿಕಿತ್ಸೆಯ ಕಾರ್ಡು ಇದೆಯೇ?

3. ನಮ್ಮ ಕೆಲಸಕ್ಕೆ ಬಂದು ಹಿಂದೆ ಪೆಟ್ಟು ಮಾಡಿಕೊಂಡವರು ಯಾರಾದರೂ ಇದ್ದಾರೆಯೇ? ಅವರ ಕಳೆದ ದಿನಗಳ ಲೆಕ್ಕವನ್ನು ನಾವು ಎಂದಾದರೂ ಕೇಳಿದ್ದೇವೆಯೇ?

ಮೂರನೆಯ ಪ್ರಶ್ನೆಗೆ ಒಂದು ಹೆಸರು ನೆನಪಾದರೆ, ಈ ಪತ್ರಿಕೆಯನ್ನು ಮಡಿಸಿಟ್ಟು ಇಂದೇ ಸಂಜೆ ಆ ಮನೆಗೆ ಹೋಗಿ ಬನ್ನಿ.